ಅಪರೂಪದ ನಾಣ್ಯಗಳ ಸ್ವತಂತ್ರ ಗ್ರೇಡಿಂಗ್ ಮತ್ತು ಪ್ರಮಾಣೀಕರಣ: ಹೂಡಿಕೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪರೂಪದ ನಾಣ್ಯಗಳಲ್ಲಿ ಹಣ ತೊಡಗಿಸಲು ಯೋಚಿಸುವವರು ಮಾತುಕತೆಯಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟು, ಒಂದೊಂದಕ್ಕೂ ಪ್ರತ್ಯೇಕವಾಗಿ ಉತ್ತರಿಸಲಾಗಿದೆ. ಮೊದಲ ಭಾಗ ಹೊಸಬರಿಗೆ. ಈಗಾಗಲೇ ಕೊಂಡು ಮಾರಿ ಅನುಭವವಿರುವವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಡೀಲರೇ ಅಸಲಿ ನಾಣ್ಯ ಎಂದು ಬರೆದುಕೊಟ್ಟಿದ್ದಾರೆ. ಮತ್ತೆ ಮೂರನೆಯವರ ಪ್ರಮಾಣಪತ್ರ ಯಾಕೆ ಬೇಕು?

ಮಾರುವವರೇ ತಮ್ಮ ಸರಕಿಗೆ ದರ್ಜೆ ಕೊಟ್ಟರೆ ಅದು ಮೇಲಕ್ಕೆ ವಾಲುತ್ತದೆ. ಅವರೇ ಅದನ್ನು ಮರಳಿ ಕೊಳ್ಳುವ ದಿನ ಬಂದಾಗ ಕೆಳಕ್ಕೆ ವಾಲುತ್ತದೆ. ಇದಕ್ಕೆ ಮೋಸದ ಉದ್ದೇಶವೇ ಇರಬೇಕೆಂದಿಲ್ಲ, ಲಾಭನಷ್ಟದ ನೆರಳು ಬಿದ್ದ ಕಣ್ಣು ಒಂದು ಗೀರನ್ನು ಚಿಕ್ಕದಾಗಿಯೋ ದೊಡ್ಡದಾಗಿಯೋ ಕಾಣುವುದು ಸಹಜ. ನಾಣ್ಯಗಳ ವಿಷಯದಲ್ಲಿ ಒಂದು ದರ್ಜೆಯ ವ್ಯತ್ಯಾಸವೇ ಬೆಲೆಯನ್ನು ಹಲವು ಪಟ್ಟು ಬದಲಿಸಬಲ್ಲದಾದ್ದರಿಂದ, ಆ ವ್ಯವಹಾರದಲ್ಲಿ ಪಾಲಿಲ್ಲದವರ ಅಭಿಪ್ರಾಯ ಬೇಕಾಯಿತು.

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1972ರಲ್ಲಿ ಎಎನ್‌ಎಸಿಎಸ್ ಎಂಬ ಸೇವೆಯ ಮೂಲಕ ನಾಣ್ಯಗಳ ಅಸಲಿತನವನ್ನು ಪರೀಕ್ಷಿಸಲು ತೊಡಗಿತು. 1979ರಲ್ಲಿ ದರ್ಜೆಯನ್ನೂ ನಮೂದಿಸತೊಡಗಿತು. ಆಗ ಸಿಗುತ್ತಿದ್ದುದು ಫೋಟೋ ಅಂಟಿಸಿದ ಕಾಗದದ ಪ್ರಮಾಣಪತ್ರ. ಕಾಗದ ಒಂದು ಕಡೆ, ನಾಣ್ಯ ಇನ್ನೊಂದು ಕಡೆ ಇದ್ದುದರಿಂದ ಒಳ್ಳೆಯ ನಾಣ್ಯದ ಕಾಗದವನ್ನು ಸಾಧಾರಣ ನಾಣ್ಯದ ಜೊತೆ ದಾಟಿಸಲು ಅವಕಾಶವಿತ್ತು. 1986ರಲ್ಲಿ ಕೆಲಸ ಆರಂಭಿಸಿದ ಪಿಸಿಜಿಎಸ್ ಸಂಸ್ಥೆಯು ನಾಣ್ಯವನ್ನೂ ದರ್ಜೆಯ ಚೀಟಿಯನ್ನೂ ಒಂದೇ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡುವ ಪದ್ಧತಿಯನ್ನು ನೆಲೆಗೊಳಿಸಿತು. ಮರುವರ್ಷ ಎನ್‌ಜಿಸಿ ಬಂತು. ವ್ಯಾಪಾರದಲ್ಲಿ ಎಲ್ಲರೂ ‘ಸ್ಲ್ಯಾಬ್’ ಎನ್ನುವುದು ಈ ಪೆಟ್ಟಿಗೆಯನ್ನೇ. ಒಡೆಯದ ಹೊರತು ನಾಣ್ಯವನ್ನೂ ಅಭಿಪ್ರಾಯವನ್ನೂ ಬೇರ್ಪಡಿಸಲಾಗದು ಎಂಬುದೇ ಅದರ ಮುಖ್ಯ ಉಪಯೋಗ.

ದರ್ಜೆ 70ಕ್ಕೆ ಯಾಕೆ ನಿಲ್ಲುತ್ತದೆ? 100 ಅಂಕ ಇರಬಹುದಿತ್ತಲ್ಲ?

1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ತನ್ನ ಹವ್ಯಾಸವಾಗಿದ್ದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ಈ ಅಳತೆಯನ್ನು ರೂಪಿಸಿದ. ಗುರುತು ಹಿಡಿಯುವುದೇ ಕಷ್ಟವಾಗುವಷ್ಟು ಸವೆದ ನಾಣ್ಯಕ್ಕೆ 1, ದೋಷವಿಲ್ಲದ ನಾಣ್ಯಕ್ಕೆ 70 ಎಂದಿಟ್ಟು, ಮೂಲಬೆಲೆಯನ್ನು ಈ ಅಂಕದಿಂದ ಗುಣಿಸಿದರೆ ಮಾರುಕಟ್ಟೆ ಬೆಲೆ ಸಿಗುತ್ತದೆ ಎಂಬುದು ಅವನ ಲೆಕ್ಕವಾಗಿತ್ತು. ಬೆಲೆಯ ಆ ಲೆಕ್ಕ ಬಹುಬೇಗ ಬಿದ್ದುಹೋಯಿತು, ಅಂಕಗಳು ಮಾತ್ರ ಉಳಿದುಕೊಂಡು 1970ರ ದಶಕದಲ್ಲಿ ಬೇರೆ ನಾಣ್ಯಗಳಿಗೂ ವಿಸ್ತರಿಸಿದವು. ಎಂಎಸ್ (ಮಿಂಟ್ ಸ್ಟೇಟ್) 60ರಿಂದ ಎಂಎಸ್-70ರವರೆಗಿನ ಹನ್ನೊಂದು ದರ್ಜೆಗಳು ಚಲಾವಣೆಯಿಂದ ಸವೆಯದ ನಾಣ್ಯಗಳಿಗೆ ಮೀಸಲು. ಅದರ ಕೆಳಗೆ ಎಯು-58, ಎಯು-55, ಎಕ್ಸ್‌ಎಫ್-45, ವಿಎಫ್-30 ಹೀಗೆ ಸವೆತ ಹೆಚ್ಚಿದಂತೆ ಅಂಕ ಇಳಿಯುತ್ತದೆ. ಪ್ರೂಫ್ ನಾಣ್ಯಗಳಿಗೂ ಅದೇ 70ರ ಅಳತೆಯೇ. ಆದರೆ ಅವುಗಳ ಮುಂದೆ ಪಿಎಫ್ ಅಥವಾ ಪಿಆರ್ ಎಂದಿರುತ್ತದೆ, ಏಕೆಂದರೆ ಪ್ರೂಫ್ ಎಂಬುದು ವಿಶೇಷವಾಗಿ ಟಂಕಿಸಿದ ವಿಧಾನದ ಹೆಸರೇ ಹೊರತು ದರ್ಜೆಯ ಹೆಸರಲ್ಲ.

ಪರೀಕ್ಷಕರು ನಾಣ್ಯದಲ್ಲಿ ನಿಜವಾಗಿ ಏನು ನೋಡುತ್ತಾರೆ?

ಐದು ಸಂಗತಿಗಳನ್ನು: ಸವೆತ, ಮೇಲ್ಮೈಯ ಗೀರು ಮತ್ತು ತಗ್ಗುಗಳು, ಅಚ್ಚು ಎಷ್ಟು ಬಲವಾಗಿ ಬಿದ್ದಿದೆ ಎಂಬುದು, ಹೊಳಪು, ಒಟ್ಟಾರೆ ಅಂದ. ಅಮೆರಿಕದ ಮಾರ್ಗನ್ ಡಾಲರ್ ಒಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದೀರಿ ಎಂದುಕೊಳ್ಳಿ, 38.1 ಮಿಲಿಮೀಟರ್ ಅಗಲ, 26.73 ಗ್ರಾಂ ತೂಕ, ಶೇ. 90 ಬೆಳ್ಳಿ. ಅಂಚನ್ನು ಎರಡು ಬೆರಳಲ್ಲಿ ಹಿಡಿದು ಒಂದೇ ದೀಪದ ಕೆಳಗೆ ನಿಧಾನವಾಗಿ ಓಲಾಡಿಸಿದರೆ, ಬೆಳಕಿನ ಪಟ್ಟಿಯೊಂದು ಗಾಡಿಯ ಚಕ್ರದ ಅರೆಗಳಂತೆ ಮೇಲ್ಮೈಯ ಸುತ್ತ ತಿರುಗುತ್ತದೆ. ಟಂಕಿಸುವಾಗ ಲೋಹವು ಮಧ್ಯದಿಂದ ಅಂಚಿನ ಕಡೆಗೆ ಹರಿದು ಉಂಟಾದ ಅತಿಸೂಕ್ಷ್ಮ ಗೆರೆಗಳಿಂದ ಈ ಹೊಳಪು ಹುಟ್ಟುತ್ತದೆ. ಆ ಪಟ್ಟಿಯು ಮುಂಬದಿಯ ಸ್ತ್ರೀಮುಖದ ಕಿವಿಯ ಮೇಲಿನ ಕೂದಲಿನಲ್ಲಿ ಅಥವಾ ಹಿಂಬದಿಯಲ್ಲಿ ಹದ್ದಿನ ಎದೆಯ ಮೇಲೆ ತುಂಡಾಗಿ ಬೂದು ಬಣ್ಣ ಕಂಡರೆ ಎರಡರಲ್ಲೊಂದು ಆಗಿರಬೇಕು: ನಾಣ್ಯ ಚಲಾವಣೆಯಲ್ಲಿ ಸವೆದಿದೆ, ಇಲ್ಲವೇ ಅಚ್ಚು ಅಲ್ಲಿ ಪೂರ್ತಿ ಬಿದ್ದಿಲ್ಲ. ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದೇ ಪರೀಕ್ಷಕರ ವಿದ್ಯೆಯ ತಿರುಳು ಎಂದರೆ ಅತಿಶಯವಲ್ಲ. ಗೀರು ಎಲ್ಲಿ ಬಿದ್ದಿದೆ ಎಂಬುದೂ ಮುಖ್ಯ. ಕೂದಲಿನ ಸುರುಳಿಯಲ್ಲಿ ಅಡಗಿದ ಗುರುತನ್ನು ಕಣ್ಣು ಕ್ಷಮಿಸುತ್ತದೆ, ನುಣುಪಾದ ಕೆನ್ನೆಯ ಮಧ್ಯದ ಅಷ್ಟೇ ಗಾತ್ರದ ಗುರುತು ದರ್ಜೆಯನ್ನು ಕೆಳಗಿಳಿಸುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ನಾಣ್ಯ ಯಾರದೆಂದು ಪರೀಕ್ಷಕರಿಗೆ ತಿಳಿಸುವುದಿಲ್ಲ. ಒಬ್ಬರಿಗಿಂತ ಹೆಚ್ಚು ಮಂದಿ ಪ್ರತ್ಯೇಕವಾಗಿ ನೋಡಿ ತಮ್ಮ ದರ್ಜೆಯನ್ನು ದಾಖಲಿಸುತ್ತಾರೆ. ಹಿರಿಯ ಪರೀಕ್ಷಕರೊಬ್ಬರು ಅಂತಿಮ ದರ್ಜೆಯನ್ನು ನಿರ್ಧರಿಸುತ್ತಾರೆ.

ಎಯು-58 ನಾಣ್ಯ ಎಂಎಸ್-61ಕ್ಕಿಂತ ಚೆನ್ನಾಗಿ ಕಾಣುತ್ತದಲ್ಲ, ಇದೇನು ತಪ್ಪೇ?

ತಪ್ಪಲ್ಲ. ಚೀಲಗಳಲ್ಲಿ ಒಂದಕ್ಕೊಂದು ಬಡಿದು ಮೈತುಂಬ ಗುರುತು ಬಿದ್ದಿದ್ದರೂ ಚಲಾವಣೆ ಕಾಣದ ನಾಣ್ಯಕ್ಕೆ 61 ಸಿಗಬಹುದು. ಇನ್ನೊಂದು ಕೆಲವೇ ಕೈ ದಾಟಿ, ಎತ್ತರದ ಭಾಗಗಳಲ್ಲಿ ತುಸು ತಿಕ್ಕಾಟ ಮಾತ್ರ ಕಂಡು 58ರಲ್ಲಿ ನಿಂತಿರಬಹುದು. ಅನುಭವಿ ಸಂಗ್ರಾಹಕರಲ್ಲಿ ಹಲವರು ಒಳ್ಳೆಯ 58ಕ್ಕೇ ಮನಸೋಲುತ್ತಾರೆ, ಅವರ ಆಯ್ಕೆ ಸರಿಯೆಂದೇ ನನ್ನ ಅಭಿಪ್ರಾಯ.

ಕಳುಹಿಸುವ ಮೊದಲು ನಾಣ್ಯವನ್ನು ತೊಳೆದು ಹೊಳಪು ಬರಿಸಬಹುದೇ?

ಖಂಡಿತ ಬೇಡ. ಹುಣಸೆಹಣ್ಣು, ಟೂತ್‌ಪೇಸ್ಟ್, ಬೆಳ್ಳಿ ಪಾಲಿಶ್ ಇವೆಲ್ಲವೂ ಮೇಲೆ ಹೇಳಿದ ಆ ಸೂಕ್ಷ್ಮ ಗೆರೆಗಳನ್ನು ಅಳಿಸಿಬಿಡುತ್ತವೆ. ನಾಣ್ಯ ಥಳಥಳಿಸುತ್ತದೆ, ಆದರೆ ಬೆಳಕು ತಿರುಗುವುದಿಲ್ಲ, ಮತ್ತು ಹೋದ ಲೋಹವನ್ನು ಯಾರೂ ಮರಳಿ ತರಲಾರರು. ಮೆದು ಪ್ಲಾಸ್ಟಿಕ್ ಲಕೋಟೆಯಲ್ಲಿದ್ದ ಪಿವಿಸಿಯಿಂದ ಹಸಿರು ಜಿಗಟು ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ ತಿಕ್ಕದೆ ಅದ್ದಿ ತೆಗೆಯುವುದುಂಟು. ಅದನ್ನೂ ತಿಳಿದವರೇ ಮಾಡಬೇಕು.

ಹಣ ಕಟ್ಟಿ ಕಳುಹಿಸಿದೆ, ‘ಡೀಟೇಲ್ಸ್’ ಎಂದು ಬರೆದು ಅಂಕವನ್ನೇ ಕೊಡದೆ ವಾಪಸ್ ಕಳುಹಿಸಿದ್ದಾರೆ. ಏನರ್ಥ?

ನಾಣ್ಯ ಅಸಲಿ, ಆದರೆ ಅದಕ್ಕೆ ಅಂಕ ಕೊಡಲಾಗದಂಥ ತೊಂದರೆ ಇದೆ ಎಂದರ್ಥ. ತೊಳೆದದ್ದು, ಒಡವೆಗಾಗಿ ಬೆಸೆದ ಕೊಂಡಿಯನ್ನು ಕಿತ್ತ ಗುರುತು, ತೂತು, ಅಂಚಿನ ಪೆಟ್ಟು, ಕೃತಕವಾಗಿ ಬರಿಸಿದ ಬಣ್ಣ, ನೆಲದಲ್ಲಿ ಹೂತು ಬಂದ ತುಕ್ಕು ಮುಖ್ಯ ಕಾರಣಗಳು, ಮತ್ತು ಕಾರಣವನ್ನು ಚೀಟಿಯ ಮೇಲೆ ನಮೂದಿಸಿರುತ್ತಾರೆ. ಹಿಂದೆ ಇಂಥವನ್ನು ಸ್ಲ್ಯಾಬ್ ಮಾಡದೆಯೇ ಹಿಂತಿರುಗಿಸುತ್ತಿದ್ದರು. ಇವುಗಳ ಬೆಲೆ ಅದೇ ಮಟ್ಟದ ಸ್ವಚ್ಛ ನಾಣ್ಯಕ್ಕಿಂತ ಸಾಕಷ್ಟು ಕಡಿಮೆ, ಮಾರಾಟವೂ ನಿಧಾನ. ಅತಿ ವಿರಳವಾದ ನಾಣ್ಯಗಳಲ್ಲಿ ಮಾತ್ರ ‘ಡೀಟೇಲ್ಸ್’ ಇದ್ದರೂ ಕೊಳ್ಳುವವರು ಪೈಪೋಟಿ ನಡೆಸುತ್ತಾರೆ. ಹೂಡಿಕೆಗೆಂದು ಸಾಧಾರಣ ನಾಣ್ಯವನ್ನು ಈ ಸ್ಥಿತಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವುದು ಜಾಣತನವಲ್ಲ.

## ಹಣದ ಲೆಕ್ಕ

ಯಾವ ನಾಣ್ಯವನ್ನು ಗ್ರೇಡಿಂಗ್‌ಗೆ ಕಳುಹಿಸಿದರೆ ಪ್ರಯೋಜನ?

ದರ್ಜೆ ಗೊತ್ತಾದ ಮೇಲೆ ಬೆಲೆ ಎಷ್ಟು ಹೆಚ್ಚಬಹುದು ಎಂಬುದನ್ನು ಒಟ್ಟು ಖರ್ಚಿನ ಪಕ್ಕದಲ್ಲಿಟ್ಟು ನೋಡಬೇಕು. ಶುಲ್ಕ ಒಂದೇ ಅಲ್ಲ, ಸದಸ್ಯತ್ವ, ವಿಮೆಯೊಂದಿಗೆ ಎರಡೂ ಕಡೆಯ ಸಾಗಣೆ, ದೇಶ ದಾಟುವುದಾದರೆ ಸುಂಕದ ಕಾಗದಪತ್ರ ಎಲ್ಲವೂ ಸೇರುತ್ತವೆ. ನಾಣ್ಯದ ಮೌಲ್ಯ ಹೆಚ್ಚಿದಂತೆ ಶುಲ್ಕದ ಹಂತವೂ ಏರುತ್ತದೆ. ಲೋಹದ ಬೆಲೆಗೇ ಮಾರಾಟವಾಗುವ ಸಾಧಾರಣ ಚಿನ್ನ, ಬೆಳ್ಳಿಯ ನಾಣ್ಯಗಳಿಗೆ ಈ ಖರ್ಚು ವ್ಯರ್ಥ.

ಪ್ರಯೋಜನ ಎಲ್ಲಿ ಹೆಚ್ಚು ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 1884ರ ಮಾರ್ಗನ್ ಡಾಲರ್ ಒಳ್ಳೆಯ ಉದಾಹರಣೆ. ಸುಮಾರು 32 ಲಕ್ಷ ನಾಣ್ಯಗಳನ್ನು ಟಂಕಿಸಲಾಗಿತ್ತು, ಆದ್ದರಿಂದ ಸವೆದ ನಾಣ್ಯ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ಅವುಗಳಲ್ಲಿ ಬಹುಪಾಲು ಚಲಾವಣೆಗೆ ಹೋಗಿಬಿಟ್ಟಿದ್ದರಿಂದ ಎಂಎಸ್ ದರ್ಜೆಯವು ತೀರಾ ವಿರಳ. ಎಯು-58ರಿಂದ ಎಂಎಸ್-60ರ ಮೇಲಕ್ಕೆ ದಾಟುವಾಗ ಬೆಲೆ ಮೆಟ್ಟಿಲು ಹತ್ತುವುದಿಲ್ಲ, ಗೋಡೆಯನ್ನೇ ಏರುತ್ತದೆ. ಇಂಥ ಕಡೆ ಹೆಸರುವಾಸಿ ಸಂಸ್ಥೆಯ ದರ್ಜೆಯಿಲ್ಲದೆ ಕೊಳ್ಳುವುದೂ ಮಾರುವುದೂ ಅಸಾಧ್ಯವೆಂದೇ ಹೇಳಬೇಕು.

ಇಷ್ಟೊಂದು ಸಂಸ್ಥೆಗಳಿವೆ, ಯಾವುದನ್ನು ನಂಬುವುದು?

ಮಾರುವ ದಿನ ಕೊಳ್ಳುವವರು ಯಾವ ಸಂಸ್ಥೆಯ ಚೀಟಿಗೆ ಪೂರ್ತಿ ಬೆಲೆ ಕೊಡುತ್ತಾರೆ ಎಂಬುದನ್ನೇ ಮಾನದಂಡವಾಗಿ ಇಟ್ಟುಕೊಳ್ಳಿ. ದೊಡ್ಡ ಹರಾಜುಗಳಲ್ಲಿ ಪಿಸಿಜಿಎಸ್ ಮತ್ತು ಎನ್‌ಜಿಸಿ ಮುಂದಿವೆ. ಎಎನ್‌ಎಸಿಎಸ್ 1990ರಲ್ಲಿ ಖಾಸಗಿ ಒಡೆತನಕ್ಕೆ ಹೋದರೂ ಕೆಲಸ ಮುಂದುವರಿಸಿದೆ, ಐಸಿಜಿ 1998ರಿಂದ ಇದೆ. ಎಲ್ಲ ಸಂಸ್ಥೆಗಳ 65 ಒಂದೇ ಅಲ್ಲ. ಯಾರು ಬೇಕಾದರೂ ಪ್ಲಾಸ್ಟಿಕ್ ಪೆಟ್ಟಿಗೆ ಮಾಡಿಸಿ ಚೀಟಿ ಅಚ್ಚು ಹಾಕಿಸಬಹುದು. ಮಾರುವವರದೇ ಅಂಗಸಂಸ್ಥೆಯಂತಿರುವ, ಗ್ಯಾರಂಟಿಯ ಷರತ್ತುಗಳನ್ನು ಬಹಿರಂಗವಾಗಿ ಪ್ರಕಟಿಸದ, ಎಲ್ಲ ನಾಣ್ಯಗಳಿಗೂ ಧಾರಾಳವಾಗಿ 67, 68 ಕೊಡುವ ಹೆಸರುಗಳಿಂದ ದೂರವಿರಿ.

ದರ್ಜೆ ತಪ್ಪೆಂದು ಆಮೇಲೆ ಗೊತ್ತಾದರೆ ಸಂಸ್ಥೆ ಹಣ ಕೊಡುತ್ತದೆಯೇ?

ಪ್ರಮುಖ ಸಂಸ್ಥೆಗಳ ಗ್ಯಾರಂಟಿ ಸಾಮಾನ್ಯವಾಗಿ ಎರಡು ಸಂಗತಿಗಳಿಗೆ ಇರುತ್ತದೆ: ನಾಣ್ಯ ಅಸಲಿಯಾಗಿರಬೇಕು, ದರ್ಜೆ ನಮೂದಿಸಿದ್ದಕ್ಕಿಂತ ಕಡಿಮೆ ಇರಬಾರದು. ಮರುಪರೀಕ್ಷೆಯಲ್ಲಿ ಸಂಸ್ಥೆಯೇ ತಪ್ಪನ್ನು ಒಪ್ಪಿಕೊಂಡರೆ ವ್ಯತ್ಯಾಸದ ಮೊತ್ತವನ್ನು ಕೊಡುತ್ತದೆ ಅಥವಾ ನಾಣ್ಯವನ್ನೇ ಕೊಂಡುಕೊಳ್ಳುತ್ತದೆ. ಇಲ್ಲಿ ತೀರ್ಪು ಕೊಡುವವರೂ ಅವರೇ ಎಂಬುದನ್ನು ಮರೆಯಬಾರದು. ಚೀಟಿಯ ಮೇಲಿನ ಅಕ್ಷರದೋಷ, ತಾಮ್ರದ ಕೆಂಬಣ್ಣ ಕಾಲಕ್ರಮದಲ್ಲಿ ಕಂದುವುದು, ಹೊಸ ಬೆಳ್ಳಿ ನಾಣ್ಯಗಳ ಮೇಲೆ ಆಮೇಲೆ ಮೂಡುವ ಹಾಲಿನಂಥ ಬಿಳಿ ಕಲೆ, ಒಡೆದ ಅಥವಾ ತಿದ್ದಿದ ಸ್ಲ್ಯಾಬ್ ಇವೆಲ್ಲ ಸಾಮಾನ್ಯವಾಗಿ ಗ್ಯಾರಂಟಿಯ ಹೊರಗೆ. ಮಾರುಕಟ್ಟೆ ಕುಸಿದು ಬೆಲೆ ಇಳಿದರೆ ಯಾವ ಸಂಸ್ಥೆಯೂ ಹೊಣೆಯಲ್ಲ. ಅವರು ಹೇಳಿದ್ದು ನಾಣ್ಯದ ಸ್ಥಿತಿಯನ್ನು, ಬೆಲೆಯನ್ನಲ್ಲ.

‘ಪಾಪ್ಯುಲೇಷನ್’ ವರದಿಯಲ್ಲಿ ಮೂರೇ ನಾಣ್ಯ ಎಂದಿದೆ. ಹಾಗಾದರೆ ಜಗತ್ತಿನಲ್ಲೇ ಮೂರೇ ಇವೆಯೇ?

ಆ ಸಂಸ್ಥೆ ಆ ದರ್ಜೆಯನ್ನು ಈವರೆಗೆ ಎಷ್ಟು ಬಾರಿ ಕೊಟ್ಟಿದೆ ಎಂಬುದಷ್ಟೇ ಆ ಸಂಖ್ಯೆ. ಅದು ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸಬಲ್ಲದು. ಹೆಚ್ಚಿನ ದರ್ಜೆಯ ಆಸೆಯಿಂದ ಒಂದೇ ನಾಣ್ಯವನ್ನು ಸ್ಲ್ಯಾಬ್ ಒಡೆದು ಹಲವು ಬಾರಿ ಕಳುಹಿಸಿ, ಹಳೆಯ ಚೀಟಿಗಳನ್ನು ಹಿಂತಿರುಗಿಸದಿದ್ದರೆ ವರದಿಯಲ್ಲಿ ಒಂದೇ ನಾಣ್ಯ ನಾಲ್ಕಾಗಿ ಕಾಣುತ್ತದೆ. ಇನ್ನೊಂದೆಡೆ, ಕಳುಹಿಸುವಷ್ಟು ಬೆಲೆಯಿಲ್ಲದ ನಾಣ್ಯಗಳು ಮನೆಮನೆಗಳಲ್ಲಿ ರಾಶಿ ಬಿದ್ದಿದ್ದರೂ ವರದಿಯಲ್ಲಿ ವಿರಳವೆಂದೇ ತೋರುತ್ತವೆ. ಬೆಲೆ ಏರಿದ ಕೂಡಲೇ ಅವು ಹೊರಬರುತ್ತವೆ.

ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಮಾರ್ಗನ್ ಡಾಲರ್‌ನ ಕಥೆಯನ್ನು ಹೂಡಿಕೆದಾರರೆಲ್ಲ ತಿಳಿದಿರಬೇಕು. ದಶಕಗಳ ಕಾಲ ಅದು ಆ ಸರಣಿಯ ಅತಿ ವಿರಳ ನಾಣ್ಯವೆಂದು ಹೆಸರಾಗಿತ್ತು. 1962ರಲ್ಲಿ ಅಮೆರಿಕದ ಖಜಾನೆಯ ಕೋಣೆಯಲ್ಲಿ ಮೊಹರು ಬಿಚ್ಚದ ಚೀಲಗಳಲ್ಲಿ ಅದೇ ನಾಣ್ಯ ಸಾವಿರಗಟ್ಟಲೆ ದೊರೆತು, ಅದರ ಬೆಲೆ ನೋಡನೋಡುತ್ತಿದ್ದಂತೆ ನೆಲಕಚ್ಚಿತು.

ಹೊಸದಾಗಿ ಟಂಕಿಸಿದ, 70 ಅಂಕ ಪಡೆದ ನಾಣ್ಯ ಒಳ್ಳೆಯ ಹೂಡಿಕೆಯೇ?

ಬಹುಪಾಲು ಅಲ್ಲ. ಇಂದಿನ ಟಂಕಸಾಲೆಗಳ ಕೆಲಸ ಎಷ್ಟು ನಯವಾಗಿದೆಯೆಂದರೆ 70 ಅಂಕದ ನಾಣ್ಯಗಳು ಸಾವಿರ ಸಾವಿರವಾಗಿ ಹೊರಬರುತ್ತವೆ. ಬಿಡುಗಡೆಯಾದ ಮೊದಲ ವಾರಗಳಲ್ಲಿ ಕಳುಹಿಸಿದ್ದಕ್ಕೆ ‘ಫಸ್ಟ್ ಸ್ಟ್ರೈಕ್’, ‘ಅರ್ಲಿ ರಿಲೀಸಸ್’ ಎಂಬ ಚೀಟಿ ಅಂಟಿಸುತ್ತಾರೆ. ಅದು ದಿನಾಂಕವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ಮೊದಲು ಕೊಂಡವರು ಕೊಟ್ಟ ಹೆಚ್ಚುವರಿ ಹಣ ಎರಡನೆಯ ಮಾರಾಟದಲ್ಲಿ ಮರಳಿ ಬರುವುದು ಕಡಿಮೆ.

## ಆಳದ ಪ್ರಶ್ನೆಗಳು

ನಕಲಿ ನಾಣ್ಯಗಳು ಇಷ್ಟು ಚೆನ್ನಾಗಿ ಬರುತ್ತಿರುವಾಗ ಅಸಲಿತನವನ್ನು ಹೇಗೆ ಕಂಡುಹಿಡಿಯುತ್ತಾರೆ?

ತೂಕ, ವ್ಯಾಸ, ಸಾಂದ್ರತೆ ಮೊದಲ ಜರಡಿ. ಘನ ಸೆಂಟಿಮೀಟರಿಗೆ ಶುದ್ಧ ಚಿನ್ನದ ಸಾಂದ್ರತೆ 19.3 ಗ್ರಾಂ, ಬೆಳ್ಳಿಯದು 10.5 ಗ್ರಾಂ, ಮಿಶ್ರಲೋಹದ ಪ್ರಮಾಣಕ್ಕೆ ತಕ್ಕಂತೆ ಅಸಲಿ ನಾಣ್ಯದ ಅಂಕಿ ಎಷ್ಟಿರಬೇಕೆಂದು ಲೆಕ್ಕ ಹಾಕಬಹುದು. ಎಕ್ಸ್‌ರೇ ಫ್ಲೋರೊಸೆನ್ಸ್ ಯಂತ್ರವು ಲೋಹದ ಸಂಯೋಜನೆಯನ್ನು ಕ್ಷಣಗಳಲ್ಲಿ ತೋರಿಸುತ್ತದೆ, ಆದರೆ ಅದು ಓದುವುದು ಮೇಲ್ಮೈಯ ತೆಳುವಾದ ಪದರವನ್ನು ಮಾತ್ರ. ದಪ್ಪ ಲೇಪನವಿದ್ದರೆ ಮೋಸಹೋಗುತ್ತದೆ. ಇನ್ನು ಅಸಲಿ ಲೋಹದಲ್ಲೇ ನಕಲು ಮಾಡಿದ್ದರೆ, ಅಥವಾ ಅಸಲಿ ನಾಣ್ಯವನ್ನೇ ತಿದ್ದಿದ್ದರೆ, ಯಂತ್ರಕ್ಕೆ ಹೇಳಲು ಏನೂ ಉಳಿಯುವುದಿಲ್ಲ.

ಆಗ ಬೇಕಾಗುವುದು ಅಚ್ಚುಗಳ ಜ್ಞಾನ. ಸ್ಯಾನ್ ಫ್ರಾನ್ಸಿಸ್ಕೋದ 1893ರ ಮಾರ್ಗನ್ ಡಾಲರ್ ಕೇವಲ ಒಂದು ಲಕ್ಷ ಟಂಕಿತವಾದದ್ದು. ಆದ್ದರಿಂದ ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಟಂಕಿಸಿದ ಡಾಲರ್‌ನ ಹಿಂಬದಿಗೆ ಸಣ್ಣ ‘ಎಸ್’ ಅಕ್ಷರವನ್ನು ಅಂಟಿಸಿ ಮಾರುವ ದಂಧೆ ಹಳೆಯದು. ಆದರೆ ಅಸಲಿ ನಾಣ್ಯಗಳೆಲ್ಲವೂ ಮುಂಬದಿಯ ಒಂದೇ ಅಚ್ಚಿನಿಂದ ಬಂದವು. ಆ ಅಚ್ಚಿನಲ್ಲಿ ‘ಲಿಬರ್ಟಿ’ ಎಂಬ ಪದದ ‘ಟಿ’ ಅಕ್ಷರದ ಮೇಲ್ಭಾಗದಲ್ಲಿ ಉಬ್ಬಿದ ಒಂದು ಸಣ್ಣ ಓರೆಗೆರೆ ಇತ್ತು. ‘ಎಸ್’ ಎಷ್ಟೇ ಚೆನ್ನಾಗಿ ಕೂತಿದ್ದರೂ ಇಸವಿಯ ಸ್ಥಾನ ಮತ್ತು ಆ ಗೆರೆ ಹೊಂದದಿದ್ದರೆ ಪರೀಕ್ಷಕರು ಅಲ್ಲಿಗೇ ನಿಲ್ಲಿಸುತ್ತಾರೆ. ಇಂಥ ಗುರುತುಗಳ ನೆನಪಿನ ಭಂಡಾರಕ್ಕೇ ನೀವು ಶುಲ್ಕ ಕೊಡುತ್ತಿರುವುದು, ಮತ್ತು ನನ್ನ ದೃಷ್ಟಿಯಲ್ಲಿ ಅಂಕಕ್ಕಿಂತ ಹೆಚ್ಚು ಬೆಲೆಬಾಳುವ ಸೇವೆ ಇದೇ.

ಸ್ಲ್ಯಾಬ್ ಕೂಡ ನಕಲಿ ಇರುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಪೆಟ್ಟಿಗೆ, ಚೀಟಿ, ಬಾರ್‌ಕೋಡ್, ಹೊಲೊಗ್ರಾಂ ಎಲ್ಲವನ್ನೂ ನಕಲು ಮಾಡಿ, ಅಸಲಿ ಪ್ರಮಾಣಪತ್ರದ ಸಂಖ್ಯೆಯನ್ನೇ ಅಚ್ಚು ಹಾಕಿರುತ್ತಾರೆ. ಹಾಗಾಗಿ ಸಂಸ್ಥೆಯ ದಾಖಲೆಯಲ್ಲಿ ಸಂಖ್ಯೆ ಸಿಕ್ಕಿತೆಂದು ಸಮಾಧಾನಪಡಬಾರದು. ಆ ಸಂಖ್ಯೆಗೆ ಸಂಸ್ಥೆಯಲ್ಲಿರುವ ಫೋಟೋವನ್ನು ತೆರೆದು, ನಿಮ್ಮ ಕೈಯಲ್ಲಿರುವ ನಾಣ್ಯದ ಒಂದೆರಡು ಗೀರು ಅಥವಾ ಬಣ್ಣದ ಕಲೆಯನ್ನು ಅದರೊಂದಿಗೆ ಹೋಲಿಸಿ. ಗೀರುಗಳು ಪ್ರತಿ ನಾಣ್ಯಕ್ಕೂ ಬೇರೆ. ಫೋಟೋ ಇಲ್ಲದ ಹಳೆಯ ಸ್ಲ್ಯಾಬ್ ಆಗಿದ್ದರೆ ಮಾರುವವರ ಹಿನ್ನೆಲೆಯೇ ಆಧಾರ.

ಅದೇ ನಾಣ್ಯಕ್ಕೆ ಒಮ್ಮೆ 64, ಇನ್ನೊಮ್ಮೆ 65 ಬಂದಿದೆ. ಹಾಗಿದ್ದರೆ ಇದನ್ನು ವಿಜ್ಞಾನ ಎನ್ನುವುದು ಹೇಗೆ?

ಎನ್ನಲಾಗದು. ತರಬೇತಾದ ಕಣ್ಣುಗಳ ಅಭಿಪ್ರಾಯ ಅದು. ಎರಡು ದರ್ಜೆಗಳ ಗಡಿಯಲ್ಲಿರುವ ನಾಣ್ಯ ಒಂದು ದಿನ ಈ ಕಡೆ, ಇನ್ನೊಂದು ದಿನ ಆ ಕಡೆ ಬೀಳುತ್ತದೆ. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ದರ್ಜೆಗಳು ವಸ್ತುನಿಷ್ಠ ಮತ್ತು ಏಕರೂಪದವು ಎಂದು ಪ್ರಚಾರ ಮಾಡಿದ್ದನ್ನು ಆಕ್ಷೇಪಿಸಿ ಪಿಸಿಜಿಎಸ್ ವಿರುದ್ಧ ದಾವೆ ಹೂಡಿ, ಅದು ರಾಜಿಯಲ್ಲಿ ಮುಗಿದಿತ್ತು.

ಈ ಗಡಿಯ ಮೇಲೆಯೇ ಒಂದು ವ್ಯಾಪಾರ ನಡೆಯುತ್ತದೆ. ಹಿಂದೆ ಕಟ್ಟುನಿಟ್ಟಾಗಿ 64 ಕೊಟ್ಟಿದ್ದ ಹಳೆಯ ಸ್ಲ್ಯಾಬ್‌ಗಳನ್ನು ಹುಡುಕಿ ಕೊಂಡು, ಒಡೆದು, 65ಕ್ಕಾಗಿ ಮತ್ತೆ ಕಳುಹಿಸುವವರಿದ್ದಾರೆ. ಸಫಲವಾದ ಪ್ರಯತ್ನಗಳಷ್ಟೇ ಮಾರುಕಟ್ಟೆಯಲ್ಲಿ ಉಳಿಯುವುದರಿಂದ, ಕಾಲ ಕಳೆದಂತೆ ಒಂದೊಂದು ಅಂಕದಲ್ಲೂ ದುರ್ಬಲ ನಾಣ್ಯಗಳೇ ಹೆಚ್ಚು ಶೇಖರವಾಗುತ್ತವೆ. ಇದಕ್ಕೆ ಮದ್ದಾಗಿ, ಎನ್‌ಜಿಸಿಯನ್ನು ಸ್ಥಾಪಿಸಿದ್ದ ಜಾನ್ ಅಲ್ಬನೀಸ್ 2007ರಲ್ಲಿ ಸಿಎಸಿ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆಗಲೇ ಸ್ಲ್ಯಾಬ್ ಆದ ನಾಣ್ಯವನ್ನು ಅದು ಮತ್ತೊಮ್ಮೆ ನೋಡಿ, ಆ ದರ್ಜೆಗೆ ಗಟ್ಟಿಯಾಗಿದ್ದರೆ ಹಸಿರು, ಅದಕ್ಕೂ ಮೇಲಿನ ದರ್ಜೆಗೆ ಅರ್ಹವಾಗಿದ್ದರೆ ಚಿನ್ನದ ಬಣ್ಣದ ಸ್ಟಿಕರ್ ಅಂಟಿಸುತ್ತದೆ. 2023ರಿಂದ ಅದರದೇ ಗ್ರೇಡಿಂಗ್ ಕೂಡ ಇದೆ. ತೀರ್ಪಿನ ಮೇಲೆ ಇನ್ನೊಂದು ತೀರ್ಪು ಬೇಕಾಯಿತೆಂಬುದನ್ನು ಹೂಡಿಕೆದಾರರು ಗಂಭೀರವಾಗಿ ಪರಿಗಣಿಸಬೇಕು: ಒಂದೇ 65ರ ಚೀಟಿ ಹೊತ್ತ ಎರಡು ನಾಣ್ಯಗಳಿಗೆ ಬೇರೆ ಬೇರೆ ಬೆಲೆ ಬರುತ್ತದೆ, ಬರಬೇಕಾದ್ದೂ ಹೌದು.

ಎರಡು ಸಾವಿರ ವರ್ಷ ಹಳೆಯ ನಾಣ್ಯಗಳಿಗೂ ಇದೇ ಅಂಕವೇ?

ಕೈಯಿಂದ ಬಡಿದು ಟಂಕಿಸಿದ ಪ್ರಾಚೀನ ನಾಣ್ಯಗಳಿಗೆ 70ರ ಅಳತೆ ಹೊಂದುವುದಿಲ್ಲ. ಎನ್‌ಜಿಸಿಯ ಪ್ರಾಚೀನ ವಿಭಾಗವು ಸವೆತವನ್ನು ಪದಗಳಲ್ಲಿ ಹೇಳಿ, ಅಚ್ಚು ಬಿದ್ದ ಬಗೆಗೆ ಮತ್ತು ಮೇಲ್ಮೈಗೆ ಪ್ರತ್ಯೇಕವಾಗಿ 5ರಲ್ಲಿ ಅಂಕ ಕೊಡುತ್ತದೆ. ಆಧುನಿಕ ನಾಣ್ಯಗಳ ಗ್ಯಾರಂಟಿಯೇ ಇವಕ್ಕೂ ಅನ್ವಯಿಸುತ್ತದೆ ಎಂದು ಭಾವಿಸದೆ ಷರತ್ತುಗಳನ್ನು ಓದಿಕೊಳ್ಳಿ. ಹಳೆಯ ನಾಣ್ಯಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು ಹಲವು ದೇಶಗಳ ಕಾನೂನು ನಿಷೇಧಿಸುತ್ತದೆ. ಪರೀಕ್ಷೆಗೆಂದು ಕಳುಹಿಸುವುದೂ ಅದರಲ್ಲಿ ಸೇರಬಹುದಾದ್ದರಿಂದ ಮೊದಲು ವಿಚಾರಿಸಬೇಕು.

ದರ್ಜೆ ಖಚಿತವಾದ ಮೇಲೆ ನಾಣ್ಯವನ್ನು ಷೇರಿನ ಹಾಗೆ ಕೊಂಡು ಮಾರಬಹುದಲ್ಲವೇ?

1980ರ ದಶಕದ ಕೊನೆಯಲ್ಲಿ ವಾಲ್ ಸ್ಟ್ರೀಟ್ ಹೀಗೆಯೇ ನಂಬಿತ್ತು. ನಾಣ್ಯವನ್ನು ನೋಡದೆಯೇ ಚೀಟಿಯ ಅಂಕದ ಮೇಲೆ ವ್ಯಾಪಾರ ನಡೆಯುತ್ತಿತ್ತು. ಮೆರಿಲ್ ಲಿಂಚ್, ಕಿಡರ್ ಪೀಬಾಡಿಯಂಥ ಕಂಪನಿಗಳು ನಾಣ್ಯಗಳ ನಿಧಿಗಳನ್ನೇ ತೆರೆದವು. 1989ರಲ್ಲಿ ತುದಿ ಮುಟ್ಟಿದ ಬೆಲೆಗಳು ಅಲ್ಲಿಂದ ಕುಸಿದು, ಅಂದು ಮುಗಿಬಿದ್ದು ಕೊಂಡ ಎಷ್ಟೋ ಸಾಮಾನ್ಯ ಎಂಎಸ್-65 ನಾಣ್ಯಗಳು ದಶಕಗಳು ಕಳೆದರೂ ಆ ಬೆಲೆಗೆ ಮರಳಲಿಲ್ಲ. ಅವುಗಳ ದರ್ಜೆಯಲ್ಲಿ ತಪ್ಪಿರಲಿಲ್ಲ, ಆ ದರ್ಜೆಗೆ ಕೊಟ್ಟ ಬೆಲೆಯಲ್ಲಿತ್ತು.

ಸುದ್ದಿಯಾಗುವ ಹರಾಜುಗಳನ್ನೂ ಲೆಕ್ಕ ಹಾಕಿಯೇ ನೋಡಬೇಕು. ಖಾಸಗಿ ಒಡೆತನಕ್ಕೆ ಕಾನೂನಿನ ಒಪ್ಪಿಗೆ ಪಡೆದ ಏಕೈಕ 1933ರ ಡಬಲ್ ಈಗಲ್ ಚಿನ್ನದ ನಾಣ್ಯ 2002ರಲ್ಲಿ ಸುಮಾರು 75.9 ಲಕ್ಷ ಡಾಲರಿಗೆ, 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹರಾಜಾಯಿತು. ಕೇಳಲು ಬೆರಗಾಗುವ ಈ ಏರಿಕೆಯನ್ನು ಹತ್ತೊಂಬತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಚಕ್ರಬಡ್ಡಿಯಲ್ಲಿ ಸುಮಾರು ಶೇ. 5. ಪ್ರಕಟವಾಗುವ ಹರಾಜಿನ ಬೆಲೆಯಲ್ಲಿ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಶುಲ್ಕವೂ ಸೇರಿರುತ್ತದೆ. ಅದನ್ನೂ, ವಿಮೆಯನ್ನೂ, ಭದ್ರತೆಯ ಖರ್ಚನ್ನೂ ಕಳೆದರೆ ಮಾರಿದವರ ಪಾಲಿಗೆ ಉಳಿಯುವುದು ಇನ್ನೂ ಕಡಿಮೆ. ಸಾಧಾರಣ ನಾಣ್ಯಗಳಲ್ಲಿ ಡೀಲರ್ ಮಾರುವ ಬೆಲೆಗೂ ಮರಳಿ ಕೊಳ್ಳುವ ಬೆಲೆಗೂ ನಡುವಿನ ಅಂತರ ಷೇರುಗಳಿಗಿಂತ ಬಹಳ ದೊಡ್ಡದು. ಕೊಳ್ಳುವ ದಿನವೇ ‘ಇದನ್ನೇ ಈಗ ನಾನು ನಿಮಗೆ ಮಾರಿದರೆ ಎಷ್ಟು ಕೊಡುತ್ತೀರಿ’ ಎಂದು ಕೇಳಿ, ಬಂದ ಉತ್ತರವನ್ನು ಬಿಲ್ಲಿನ ಪಕ್ಕದಲ್ಲಿ ಬರೆದಿಟ್ಟುಕೊಂಡರೆ, ಆ ನಾಣ್ಯ ಎಷ್ಟು ಏರಿದ ಮೇಲೆ ಲಾಭ ಶುರುವಾಗುತ್ತದೆ ಎಂಬುದು ತಿಳಿಯುತ್ತದೆ.